ಗಾಜಿನ ತೊಟ್ಟಿಯ ಮೀನು ಮತ್ತು ಜೀವದಯೆ: ಅಂಗಡಿ ಪಾಲಿಸಬೇಕಾದದ್ದು, ಕುಟುಂಬ ತಿಳಿಯಬೇಕಾದದ್ದು

ಬಣ್ಣದ ಮೀನಿನ ತೊಟ್ಟಿ ಈಗ ಬೆಂಗಳೂರಿನ ದೊಡ್ಡ ಮನೆಗಳಿಗೆ ಮಾತ್ರ ಸೀಮಿತವಾಗಿಲ್ಲ. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಲಕ್ಕೂರಿನಂಥ ಹೋಬಳಿ ಊರಿನ ಕುಟುಂಬವೂ ಮಾಲೂರಿಗೋ ಹೊಸೂರಿಗೋ ಬೆಂಗಳೂರಿಗೋ ಹೋದಾಗ ಮಕ್ಕಳ ಹಟಕ್ಕೆ ಒಂದು ಜೋಡಿ ಗೋಲ್ಡ್ ಫಿಶ್ ತರುವುದು ಸಾಮಾನ್ಯವಾಗಿದೆ. ನಾಯಿ, ಬೆಕ್ಕು ಸಾಕಿದರೆ ಮಾಂಸಾಹಾರದ ಪ್ರಶ್ನೆ ಬರುತ್ತದೆ, ಮೀನಾದರೆ ಆ ತೊಂದರೆ ಇಲ್ಲ ಎಂಬ ನಂಬಿಕೆ ಅನೇಕ ಜೈನ ಕುಟುಂಬಗಳಲ್ಲಿದೆ. ಈ ನಂಬಿಕೆ ಎಷ್ಟು ಸರಿ, ಮೀನು ಮಾರುವ ಅಂಗಡಿ ಯಾವ ನಿಯಮ ಪಾಲಿಸಬೇಕು, ಈಗಾಗಲೇ ಮನೆಯಲ್ಲಿರುವ ಮೀನನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೀನು ಎಂಥ ಜೀವ?

ಜೈನ ಜೀವವಿಚಾರದಲ್ಲಿ ಮೀನು ಪಂಚೇಂದ್ರಿಯ ತಿರ್ಯಂಚ ಜೀವ. ಜಲಚರ, ಸ್ಥಲಚರ, ಖೇಚರ ಎಂಬ ಮೂರು ವಿಭಾಗಗಳಲ್ಲಿ ಅದು ಜಲಚರಕ್ಕೆ ಸೇರುತ್ತದೆ. ಸ್ಪರ್ಶ, ರುಚಿ, ವಾಸನೆ, ನೋಟ, ಶ್ರವಣ ಎಂಬ ಐದೂ ಇಂದ್ರಿಯಗಳುಳ್ಳ ಜೀವವಾದ್ದರಿಂದ ಅದಕ್ಕೆ ಕೊಡುವ ನೋವು ಹಸುವಿಗೋ ಪಕ್ಷಿಗೋ ಕೊಡುವ ನೋವಿಗಿಂತ ಕೆಳಗಿನದಲ್ಲ.

ಆಧುನಿಕ ವಿಜ್ಞಾನ ಈ ವಿಷಯಕ್ಕೆ ತಡವಾಗಿ ಬಂದಿತು. ಮೀನಿಗೆ ನೋವೇ ಆಗುವುದಿಲ್ಲ ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವು ಗ್ರಹಿಸುವ ನರತುದಿಗಳಿರುವುದನ್ನು ತೋರಿಸಿಕೊಟ್ಟರು. ನೋವು ಕೊಟ್ಟಾಗ ಆ ಮೀನುಗಳು ಆಹಾರ ಬಿಡುತ್ತಿದ್ದವು, ತುಟಿಯನ್ನು ತೊಟ್ಟಿಯ ತಳದ ಜಲ್ಲಿಗೆ ಉಜ್ಜುತ್ತಿದ್ದವು. ಮೀನು ಕೂಗುವುದಿಲ್ಲ, ಮುಖ ಸಿಂಡರಿಸುವುದಿಲ್ಲ. ಆದ್ದರಿಂದ ಅದರ ಕಷ್ಟ ಸಾಕುವವರ ಕಣ್ಣಿಗೆ ಬೀಳುವುದು ಬಹಳ ಸಲ ಅದು ಸತ್ತು ತೇಲಿದ ಮೇಲೆಯೇ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಶ್ರಾವಕರು ಬಲ್ಲರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳನ್ನು ಹೆಚ್ಚಾಗಿ ಎತ್ತು, ಕುದುರೆಗಳ ಉದಾಹರಣೆಯಿಂದ ವಿವರಿಸುವುದು ರೂಢಿ. ಆದರೆ ಮೀನಿನ ಅಂಗಡಿಯ ಮುಂದೆ ನಿಂತು ನೋಡಿದರೆ ಐದರಲ್ಲಿ ಮೂರು ಕಣ್ಣೆದುರೇ ಕಾಣುತ್ತವೆ. ಈಜಲು ಸ್ಥಳವಿಲ್ಲದ ಬಟ್ಟಲಿನಲ್ಲಿ ಇಡುವುದು ಬಂಧ. ಬಣ್ಣ ಬರಲೆಂದು ಮೈಗೆ ಸೂಜಿ ಚುಚ್ಚುವುದು ಛೇದ. ಅದರ ದೇಹಕ್ಕೆ ಒಗ್ಗುವ ಆಹಾರ ಕೊಡದಿರುವುದು ಅನ್ನಪಾನನಿರೋಧ.

ಬಟ್ಟಲಿನಲ್ಲಿ ಮೀನು ಏಕೆ ಸಾಯುತ್ತದೆ?

‘ತಂದ ಹತ್ತೇ ದಿನಕ್ಕೆ ಸತ್ತವು’ ಎಂಬ ಮಾತು ಸಾಮಾನ್ಯ. ಇದಕ್ಕೆ ಕಾರಣ ಮೀನಿನ ದುರ್ಬಲತೆಯಲ್ಲ, ನೀರು. ಮೀನು ಉಸಿರಾಡುವ ಕಿವಿರುಗಳ ಮೂಲಕವೇ ಅಮೋನಿಯಾ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ, ಮಲ ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಇದು ಮೀನಿಗೆ ವಿಷ. ಕೆರೆಯಲ್ಲಿ ಅಪಾರ ನೀರೂ ಸೂಕ್ಷ್ಮಜೀವಿಗಳೂ ಇರುವುದರಿಂದ ಈ ವಿಷ ಕರಗಿ ಹೋಗುತ್ತದೆ. ನಾಲ್ಕೈದು ಲೀಟರಿನ ಬಟ್ಟಲಿನಲ್ಲಿ ಅದು ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತದೆ.

ಸರಿಯಾಗಿ ಸಿದ್ಧವಾದ ತೊಟ್ಟಿಯಲ್ಲಿ ಫಿಲ್ಟರಿನ ಸ್ಪಂಜು, ತಳದ ಜಲ್ಲಿಗಳ ಮೇಲೆ ಎರಡು ಬಗೆಯ ಬ್ಯಾಕ್ಟೀರಿಯಾ ನೆಲೆಸುತ್ತವೆ. ಮೊದಲನೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತವೆ, ಅದೂ ವಿಷವೇ. ಎರಡನೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ, ಇದು ಹೆಚ್ಚು ಅಪಾಯಕಾರಿಯಲ್ಲ. ಉಳಿದ ನೈಟ್ರೇಟನ್ನು ವಾರಕ್ಕೊಮ್ಮೆ ನೀರು ಬದಲಿಸಿ ತೆಗೆಯಬಹುದು. ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ಮಾರುವ ಅಂಗಡಿ ಆ ಮೀನಿನ ಸಾವನ್ನೂ ಜೊತೆಗೇ ಕಟ್ಟಿಕೊಟ್ಟಂತೆ.

ಇನ್ನೊಂದು ತಪ್ಪು ಶುಚಿತ್ವದ ಹೆಸರಿನಲ್ಲಿ ನಡೆಯುತ್ತದೆ. ತಿಂಗಳಿಗೊಮ್ಮೆ ಎಲ್ಲ ನೀರು ಚೆಲ್ಲಿ, ಜಲ್ಲಿಯನ್ನು ಸೋಪು ಹಾಕಿ ತೊಳೆದು, ಹೊಸ ನೀರು ತುಂಬುವವರಿದ್ದಾರೆ. ಅದರಿಂದ ಉಪಕಾರಿ ಬ್ಯಾಕ್ಟೀರಿಯಾ ನಾಶವಾಗಿ ತೊಟ್ಟಿ ಮತ್ತೆ ಮೊದಲ ದಿನದ ಸ್ಥಿತಿಗೆ ಬರುತ್ತದೆ. ವಾರಕ್ಕೆ ಕಾಲು ಭಾಗದಷ್ಟು ನೀರು ಬದಲಿಸಿ, ತೆಗೆದ ಹಳೆಯ ನೀರಿನಲ್ಲೇ ಸ್ಪಂಜನ್ನು ಹಿಂಡಿ ಮತ್ತೆ ಹಾಕುವುದೇ ಸರಿಯಾದ ಕ್ರಮ. ಆ ಹಳೆಯ ನೀರನ್ನು ಗಿಡಗಳಿಗೆ ಹಾಕಬಹುದು.

ಕೋಲಾರದ ನೀರಿನ ವಿಶೇಷ

ಕೋಲಾರ ಜಿಲ್ಲೆಯಲ್ಲಿ ಶಾಶ್ವತ ನದಿ ಹರಿವಿಲ್ಲ. ಊರುಗಳು ಆಳವಾದ ಕೊಳವೆಬಾವಿಗಳನ್ನು ನಂಬಿವೆ. ನೀರು ಗಡಸು, ಅನೇಕ ಕಡೆ ಫ್ಲೋರೈಡ್ ಕೂಡ ಹೆಚ್ಚು. ಲಕ್ಕೂರು, ಮಾಸ್ತಿ, ಟೇಕಲ್ ಕಡೆಯ ಕುಟುಂಬ ತೊಟ್ಟಿ ಇಡುವುದಾದರೆ ಇದನ್ನು ಗಮನಿಸಬೇಕು. ಗಪ್ಪಿ, ಮೊಲಿಗಳಂಥವು ಗಡಸು ನೀರಿಗೆ ಒಗ್ಗುತ್ತವೆ. ನಿಯಾನ್ ಟೆಟ್ರಾದಂಥವು ದಕ್ಷಿಣ ಅಮೆರಿಕದ ಮೆದು ನೀರಿನವು, ಇಲ್ಲಿನ ನೀರಿನಲ್ಲಿ ಸೊರಗುತ್ತವೆ. ‘ನಿಮ್ಮೂರಿನ ನೀರು ಎಂಥದು?’ ಎಂದು ಕೇಳದೆ ಮೀನು ಕೊಡುವ ಅಂಗಡಿಯವರು ತಮ್ಮ ಕೆಲಸದ ಅರ್ಧ ಮಾಡಿಲ್ಲ.

ಹಾಗೆಂದು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರನ್ನೇ ತುಂಬಿದರೆ ಅದೂ ತಪ್ಪು. ಅದರಲ್ಲಿ ಮೀನಿಗೆ ಬೇಕಾದ ಲವಣಾಂಶ ತೀರಾ ಕಡಿಮೆ. ಆಳದಿಂದ ಎತ್ತಿದ ಕೊಳವೆಬಾವಿ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುತ್ತದೆ, ಅದನ್ನು ಒಂದು ದಿನ ತೆರೆದ ಪಾತ್ರೆಯಲ್ಲಿ ಇಟ್ಟು ಏರ್ ಪಂಪ್ ಬಿಟ್ಟು ಬಳಸಬೇಕು. ಪಟ್ಟಣದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಕಿವಿರನ್ನು ಸುಡುತ್ತದೆ, ಕ್ಲೋರಿನ್ ನಿವಾರಕ ಹಾಕದೆ ನೀರು ಸೇರಿಸಬಾರದು. ಕರೆಂಟು ಗಂಟೆಗಟ್ಟಲೆ ಹೋಗುವ ಊರಿನಲ್ಲಿ ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಇಲ್ಲದೆ ಮೀನು ಸಾಕುವುದು ಅದರ ಉಸಿರಿನೊಡನೆ ಜೂಜಾಡಿದಂತೆ.

ತೊಟ್ಟಿಯ ಅಳತೆಯ ಲೆಕ್ಕ ಸುಲಭ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರದ ತೊಟ್ಟಿ ಸುಮಾರು 65 ಲೀಟರ್ ಹಿಡಿಯುತ್ತದೆ. ಅಂಗಡಿಯಲ್ಲಿ ಬೆರಳುದ್ದ ಕಾಣುವ ಸಾಧಾರಣ ಗೋಲ್ಡ್ ಫಿಶ್ ಬೆಳೆದರೆ 20 ಸೆಂ.ಮೀ. ಮೀರುತ್ತದೆ, ಒಂದೇ ಮೀನಿಗೂ ಈ ತೊಟ್ಟಿ ಬೇಗ ಸಾಲದಾಗುತ್ತದೆ. ಸರಿಯಾಗಿ ನೋಡಿಕೊಂಡರೆ ಅದು ಹತ್ತು ಹದಿನೈದು ವರ್ಷ ಬದುಕುತ್ತದೆ. ಬ್ರಿಟನ್ನಿನಲ್ಲಿ 1999ರಲ್ಲಿ ತೀರಿಕೊಂಡ ಒಂದು ಗೋಲ್ಡ್ ಫಿಶ್ 43 ವರ್ಷ ಬದುಕಿತ್ತು. ವರ್ಷಗಳ ಆಯುಷ್ಯವುಳ್ಳ ಜೀವ ವಾರಗಳಲ್ಲಿ ಸಾಯುತ್ತಿದ್ದರೆ ಅದನ್ನು ಸಹಜ ಸಾವು ಎನ್ನಲಾಗದು. ಗುಂಡಗಿನ ಬಟ್ಟಲುಗಳನ್ನು ಇಟಲಿಯ ಮೊಂಜಾ ನಗರ 2004ರಲ್ಲಿ, ರೋಮ್ 2005ರಲ್ಲಿ ನಿಷೇಧಿಸಿದವು.

ಕಾನೂನು ಏನು ಹೇಳುತ್ತದೆ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ‘ಪ್ರಾಣಿ’ ಎಂದರೆ ಮನುಷ್ಯನನ್ನು ಬಿಟ್ಟು ಬೇರೆ ಯಾವುದೇ ಜೀವಿ. ಹೀಗಾಗಿ ಮೀನು ಈ ಕಾಯ್ದೆಯ ಒಳಗೇ ಇದೆ. ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡವನು ಅದರ ಕ್ಷೇಮಕ್ಕೆ ಹೊಣೆ ಎಂದು 3ನೇ ಸೆಕ್ಷನ್ ಹೇಳುತ್ತದೆ. ಅಲುಗಾಡಲು ತಕ್ಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರ ಅಥವಾ ಪಾತ್ರೆಯಲ್ಲಿ ಇಡುವುದು, ಸಾಕಷ್ಟು ಆಹಾರ ಕೊಡದಿರುವುದು, ಕಿಕ್ಕಿರಿದು ತುಂಬಿದ್ದರಿಂದ ನರಳುತ್ತಿರುವ ಪ್ರಾಣಿಯನ್ನು ಮಾರಾಟಕ್ಕಿಡುವುದು 11ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಮೊದಲ ಅಪರಾಧಕ್ಕೆ ಕಾಯ್ದೆಯಲ್ಲಿ ಬರೆದ ದಂಡ 10ರಿಂದ 50 ರೂಪಾಯಿ. ಒಂದು ಜೋಡಿ ಮೀನಿನ ಬೆಲೆಗೂ ಸಾಟಿಯಾಗದ ಈ ಮೊತ್ತದಿಂದ ಯಾರೂ ಹೆದರುವುದಿಲ್ಲ.

2017ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಕ್ವೇರಿಯಂ ಮತ್ತು ಮೀನಿನ ತೊಟ್ಟಿಗಳ ಅಂಗಡಿಗಳಿಗೆಂದೇ ಪ್ರತ್ಯೇಕ ನಿಯಮ ಹೊರಡಿಸಿತ್ತು. ಬಟ್ಟಲಿನಲ್ಲಿ ಮೀನು ಇಡಬಾರದು, 158 ಜಾತಿಯ ಜಲಚರಗಳನ್ನು ಮಾರಬಾರದು ಎಂಬಂಥ ಕಟ್ಟುಪಾಡುಗಳು ಅದರಲ್ಲಿದ್ದವು. ಅಲಂಕಾರಿಕ ಮೀನು ಸಾಕಣೆದಾರರಿಂದ ಬಲವಾದ ವಿರೋಧ ಬಂದ ಬಳಿಕ ಸಚಿವಾಲಯ ಆ ನಿಯಮವನ್ನು ಹಿಂಪಡೆಯಿತು. 2018ರಲ್ಲಿ ಬಂದ ಸಾಕುಪ್ರಾಣಿ ಅಂಗಡಿ ನಿಯಮಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯನ್ನು ಕಡ್ಡಾಯ ಮಾಡಿವೆ. ನೋಂದಣಿಯ ಅವಧಿ 5 ವರ್ಷ. ಆ ನಿಯಮದಲ್ಲಿ ನಾಯಿ, ಬೆಕ್ಕು, ಮೊಲ, ಪಕ್ಷಿಗಳ ಹೆಸರಿದೆ, ಮೀನಿನ ಹೆಸರಿಲ್ಲ. ಆದರೆ ವ್ಯಾಪಾರಕ್ಕೆ ಬೇರೆ ಕಾನೂನಿನ ನಿಷೇಧವಿಲ್ಲದ ಇತರ ಪ್ರಾಣಿಗಳೂ ಅದಕ್ಕೆ ಸೇರುತ್ತವೆ ಎಂಬ ಮಾತಿದೆ. ಒಟ್ಟಿನಲ್ಲಿ ಕಾನೂನಿನ ಆಸರೆ ಇದ್ದರೂ ಮೀನಿನ ವಿಷಯದಲ್ಲಿ ಅದು ತೆಳುವಾಗಿದೆ. ನಿಜವಾದ ಕಾವಲು ಕೊಳ್ಳುವವರ ಕೈಯಲ್ಲೇ ಉಳಿದಿದೆ.

ಜವಾಬ್ದಾರಿಯ ಅಂಗಡಿ ಹೇಗಿರುತ್ತದೆ?

ದಕ್ಷಿಣ ಭಾರತದಲ್ಲಿ ಅಲಂಕಾರಿಕ ಮೀನು ಸಾಕಣೆಯ ದೊಡ್ಡ ನೆಲೆ ಚೆನ್ನೈನ ಕೊಳತ್ತೂರು. ಸಾಕುವ ಕಡೆಯಿಂದ ಮೀನುಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಊರೂರಿಗೆ ಹೋಗುತ್ತವೆ. ಪ್ರಯಾಣದ ಆಯಾಸದಲ್ಲಿ ರೋಗ ತಗಲುವುದು ಸುಲಭ. ಒಳ್ಳೆಯ ಅಂಗಡಿ ಬಂದ ದಿನವೇ ಮೀನು ಮಾರುವುದಿಲ್ಲ. ಒಂದೆರಡು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡುತ್ತದೆ. ಪ್ರತಿ ತೊಟ್ಟಿಗೆ ಬೇರೆ ಬಲೆ ಬಳಸುತ್ತದೆ. ಸತ್ತ ಮೀನನ್ನು ಕೂಡಲೇ ತೆಗೆಯುತ್ತದೆ. ಈ ಮೀನು ಎಷ್ಟು ದೊಡ್ಡದಾಗುತ್ತದೆ, ಎಷ್ಟು ವರ್ಷ ಬದುಕುತ್ತದೆ, ಏನು ತಿನ್ನುತ್ತದೆ ಎಂದು ತಾನಾಗಿಯೇ ಹೇಳುತ್ತದೆ. ತೊಟ್ಟಿ ಸಿದ್ಧವಾಗಿಲ್ಲದಿದ್ದರೆ ‘ಮುಂದಿನ ತಿಂಗಳು ಬನ್ನಿ’ ಎನ್ನುವ ಧೈರ್ಯ ತೋರುತ್ತದೆ. ಸಾಕಲಾಗದ ಮೀನನ್ನು ವಾಪಸು ತೆಗೆದುಕೊಳ್ಳುತ್ತದೆ.

ಫೈಟರ್ ಮೀನನ್ನು ಲೋಟದಲ್ಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಲಾಗಿ ಇಟ್ಟಿರುವುದು ಎಲ್ಲೆಡೆ ಕಾಣುತ್ತದೆ. ಆ ಮೀನು ನೀರಿನ ಮೇಲಕ್ಕೆ ಬಂದು ಗಾಳಿಯನ್ನೂ ಉಸಿರಾಡಬಲ್ಲದು. ಅದರಿಂದಾಗಿ ಕೊಳಕು ಲೋಟದಲ್ಲಿಯೂ ಸಾಯದೆ ಉಳಿಯುತ್ತದೆ. ಸಾಯದಿರುವುದೇ ಚೆನ್ನಾಗಿರುವುದಕ್ಕೆ ಸಾಕ್ಷಿಯಲ್ಲ. ಅದಕ್ಕೂ ಹದಿನೈದು ಇಪ್ಪತ್ತು ಲೀಟರ್ ನೀರು, 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ಚಳಿಗಾಲದ ರಾತ್ರಿಗಳಲ್ಲಿ ಕೋಲಾರದ ಕಡೆ ನೀರು ಅದಕ್ಕಿಂತ ಬಹಳ ತಣ್ಣಗಾಗುತ್ತದೆ.

ನಮ್ಮ ದೇಶದ್ದೇ ಆದ ಗಾಜುಮೀನಿನ ಮೈ ಪಾರದರ್ಶಕ. ಅದರ ಮೈಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ಕ್ರೂರ ಪದ್ಧತಿ ಇದೆ. ಬಣ್ಣ ಕೆಲವು ತಿಂಗಳಲ್ಲಿ ಮಾಸುತ್ತದೆ, ಗಾಯದಿಂದ ರೋಗ ಬರುತ್ತದೆ. ಅಸಹಜ ಬಣ್ಣದ ಪಟ್ಟೆಯಿರುವ ಮೀನು ಕಂಡರೆ ಕೊಳ್ಳಬಾರದು. ಪಶ್ಚಿಮಘಟ್ಟದ ಹೊಳೆಗಳಲ್ಲಿ ಮಾತ್ರ ಸಿಗುವ, ‘ಮಿಸ್ ಕೇರಳ’ ಎಂದು ಮಾರುವ ಕೆಂಪು ಗೀರಿನ ಮೀನು ಅಳಿವಿನ ಅಂಚಿನ ಪಟ್ಟಿಯಲ್ಲಿದೆ, ಅದನ್ನು ಹೊಳೆಯಿಂದ ಹಿಡಿದು ತಂದದ್ದೇ ಅದಕ್ಕೆ ಕುತ್ತಾಯಿತು.

ಆಹಾರದ ಪ್ರಶ್ನೆ

ಜೈನ ಕುಟುಂಬ ಮೀನು ಕೊಳ್ಳುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಇದು. ಅಂಗಡಿಯ ಮೀನಿನ ಆಹಾರದ ಪೊಟ್ಟಣದ ಮೇಲೆ ಬರೆದ ಪದಾರ್ಥಗಳಲ್ಲಿ ಬಹುಪಾಲು ಸಲ ಮೊದಲು ಕಾಣುವುದು ಮೀನುಪುಡಿ, ಸೀಗಡಿಪುಡಿ. ಟ್ಯುಬಿಫೆಕ್ಸ್, ಬ್ಲಡ್‌ವರ್ಮ್ ಎಂದು ಮಾರುವುವು ಹುಳುಗಳೇ. ಅರೋವಾನ, ಫ್ಲವರ್‌ಹಾರ್ನ್, ಆಸ್ಕರ್ ಮೀನುಗಳಿಗೆ ಜೀವಂತ ಚಿಕ್ಕ ಮೀನುಗಳನ್ನು ಹಾಕುವ ರೂಢಿ ಇದೆ. ಒಂದು ಮೀನನ್ನು ಸಾಕಲು ವರ್ಷವಿಡೀ ನೂರಾರು ಮೀನುಗಳನ್ನು ಬಲಿಕೊಡುವುದು ಜೀವದಯೆಯಲ್ಲ.

ಹಾಗೆಂದು ಮಾಂಸಾಹಾರಿ ಮೀನಿಗೆ ಅನ್ನದ ಅಗುಳು, ಬಿಸ್ಕತ್ತಿನ ಪುಡಿ ಮಾತ್ರ ಹಾಕಿದರೆ ಅದು ಪೋಷಣೆಯಿಲ್ಲದೆ ನರಳುತ್ತದೆ. ಇಲ್ಲಿ ಮಧ್ಯದ ದಾರಿ ಕಿರಿದಾಗಿದೆ. ಗೋಲ್ಡ್ ಫಿಶ್, ಗಪ್ಪಿ, ಮೊಲಿಗಳು ಸಸ್ಯವನ್ನೂ ತಿನ್ನುತ್ತವೆ. ಸ್ಪಿರುಲಿನಾ ಪಾಚಿ ಮುಖ್ಯವಾಗಿರುವ ಆಹಾರ, ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಬಿಸಿನೀರಿನಲ್ಲಿ ಬಾಡಿಸಿದ ಪಾಲಕ್ ಅವುಗಳಿಗೆ ಒಗ್ಗುತ್ತದೆ. ಮಾಂಸಾಹಾರವೇ ಬೇಕಾದ ಮೀನನ್ನು ಮನೆಗೆ ತರದಿರುವುದೊಂದೇ ಸರಿಯಾದ ಉತ್ತರ. ಶ್ರಾವಕರು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಹಿಂಸ್ರ ಪ್ರಾಣಿಗಳ ಪೋಷಣೆಯೂ ಸೇರಿದೆ. ಅದೇ ಪಟ್ಟಿಯ ಕೇಶವಾಣಿಜ್ಯವನ್ನು ಜೀವಿಗಳ ಕ್ರಯವಿಕ್ರಯ ಎಂದು ವಿವರಿಸಲಾಗಿದೆ. ಬಣ್ಣದ ಮೀನಿನ ವ್ಯಾಪಾರಕ್ಕೆ ಕೈಹಾಕಲು ಯೋಚಿಸುವ ಸಮಾಜ ಬಾಂಧವರು ಇದನ್ನು ಗಮನಿಸಬೇಕು. ತೊಟ್ಟಿಯಲ್ಲಿ ಬೆಳೆಸುವ ಜಲಸಸ್ಯಗಳ ವ್ಯಾಪಾರವೂ ಇಂದು ಒಂದು ಉದ್ಯಮವಾಗಿಯೇ ನಡೆಯುತ್ತಿದೆ.

ವಾಸ್ತು ಮೀನಿನ ನಂಬಿಕೆ

ಎಂಟು ಚಿನ್ನದ ಬಣ್ಣದ ಮೀನು, ಒಂದು ಕಪ್ಪು ಮೀನು ಇಟ್ಟರೆ ಮನೆಗೆ ಏಳಿಗೆ, ಮೀನು ಸತ್ತರೆ ಮನೆಯವರ ಮೇಲೆ ಬರಬೇಕಿದ್ದ ಕೇಡನ್ನು ಅದು ತಾನು ಹೊತ್ತುಕೊಂಡು ಹೋಯಿತು ಎಂಬ ಮಾತು ಈಚೆಗೆ ಹಬ್ಬಿದೆ. ಒಬ್ಬರ ಕರ್ಮವನ್ನು ಇನ್ನೊಂದು ಜೀವ ಹೊರಲಾರದು ಎಂಬುದು ಜೈನ ಕರ್ಮ ಸಿದ್ಧಾಂತದ ಮೊದಲ ಪಾಠ. ಚಿಕ್ಕ ತೊಟ್ಟಿಯಲ್ಲಿ ಒಂಬತ್ತು ಗೋಲ್ಡ್ ಫಿಶ್ ಹಾಕಿದರೆ ಅವು ಸಾಯುವುದು ಅಮೋನಿಯಾದಿಂದ. ಸತ್ತ ಮೀನಿಗೆ ಬದಲು ಇನ್ನೊಂದನ್ನು ತಂದು ಹಾಕುತ್ತಾ ಹೋಗುವುದು ಅದೇ ಹಿಂಸೆಯನ್ನು ಮತ್ತೆ ಮತ್ತೆ ಮಾಡಿದಂತೆ.

ಕೊಂಡು ಕೆರೆಗೆ ಬಿಟ್ಟರೆ ಪುಣ್ಯವೇ?

ಪರ್ವದ ದಿನಗಳಲ್ಲಿ ಮೀನು ಕೊಂಡು ಕೆರೆಗೆ ಬಿಡುವುದು, ಸಾಕಲಾಗದ ಅಕ್ವೇರಿಯಂ ಮೀನನ್ನು ಕಲ್ಯಾಣಿಗೆ ಬಿಡುವುದು ಜೀವದಯೆ ಎಂಬ ಭಾವನೆ ಇದೆ. ಉದ್ದೇಶ ಒಳ್ಳೆಯದೇ. ಆದರೆ ಫಲ ಬೇರೆ. ಅಂಗಡಿಯವರ ಲೆಕ್ಕದಲ್ಲಿ ಬಿಡಲು ಕೊಂಡ ಮೀನೂ ಮಾರಾಟವಾದ ಮೀನೇ, ಮುಂದಿನ ವಾರ ಅಷ್ಟೇ ಮೀನು ಮತ್ತೆ ತರಿಸುತ್ತಾರೆ. ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಮೀನಿಗೆ ಕೆರೆಯಲ್ಲಿ ಆಹಾರ ಹುಡುಕಲು, ಕೊಕ್ಕರೆಯಿಂದ ತಪ್ಪಿಸಿಕೊಳ್ಳಲು ಬಾರದು, ಹೆಚ್ಚಿನವು ಸಾಯುತ್ತವೆ.

ಬದುಕಿ ಉಳಿದವು ಇನ್ನೂ ದೊಡ್ಡ ಹಾನಿ ಮಾಡುತ್ತವೆ. ‘ಟ್ಯಾಂಕ್ ಕ್ಲೀನರ್’ ಎಂದು ಮಾರುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಅಕ್ವೇರಿಯಂಗಳಿಂದ ಹೊರಬಿದ್ದು ಭಾರತದ ಹಲವು ರಾಜ್ಯಗಳ ಕೆರೆ, ನದಿಗಳಲ್ಲಿ ನೆಲೆಸಿ ಸ್ಥಳೀಯ ಮೀನುಗಳ ಆಹಾರಕ್ಕೂ ಮೊಟ್ಟೆಗೂ ಕುತ್ತಾಗಿದೆ. 2018ರ ಪ್ರವಾಹದ ಬಳಿಕ ಕೇರಳದ ಹೊಳೆಗಳಲ್ಲಿ ಸಾಕಣೆಯಿಂದ ತಪ್ಪಿಸಿಕೊಂಡ ಹೊರದೇಶದ ದೊಡ್ಡ ಮೀನುಗಳು ಸಿಕ್ಕವು. ಹೊರಗಿನ ಮೀನು ನಮ್ಮ ನೀರಿನಲ್ಲಿ ಎಷ್ಟು ಬೇಗ ಬೇರೂರುತ್ತದೆ ಎಂಬುದಕ್ಕೆ ಗಪ್ಪಿ, ಗಂಬೂಸಿಯಾಗಳೇ ಉದಾಹರಣೆ. ಸೊಳ್ಳೆ ಮರಿಗಳನ್ನು ತಿನ್ನಲೆಂದು ಅವನ್ನು ದೇಶದಾದ್ಯಂತ ಬಿಡಲಾಯಿತು. ಕೋಲಾರ ಜಿಲ್ಲೆಯ ಕಾಮಸಮುದ್ರ ಭಾಗದ ಬಾವಿಗಳಲ್ಲಿಯೂ ಮಲೇರಿಯಾ ತಡೆಗೆ ಇಂಥ ಮೀನುಗಳ ಪ್ರಯೋಗ ನಡೆದಿತ್ತು. ಅದೇ ಗಂಬೂಸಿಯಾ ಇಂದು ಜಗತ್ತಿನ ಅತಿ ಹಾನಿಕರ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಲಕ್ಕೂರಿನ ಕಡೆಯ ಒಂದು ಕೆರೆ ಕೋಡಿ ಬಿದ್ದರೆ ನೀರು ಸಾಲುಗೆರೆಗಳ ಮೂಲಕ ಕೆಳಗಿನ ಕೆರೆಗೆ ಹೋಗುತ್ತದೆ, ಮೀನೂ ಜೊತೆಗೆ ಹೋಗುತ್ತದೆ. ಒಂದು ಕೆರೆಗೆ ಬಿಟ್ಟದ್ದು ಅಲ್ಲಿಗೇ ನಿಲ್ಲುವುದಿಲ್ಲ.

ನೀರು ಸೋಸುವ ಜೈನ ಆಚಾರದಲ್ಲಿಯೇ ಇದಕ್ಕೆ ಉತ್ತರವಿದೆ. ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೀರು ಎಲ್ಲಿಂದ ತಂದಿತ್ತೋ ಆ ಮೂಲಕ್ಕೇ ಮರಳಿ ಸೇರಿಸಬೇಕು, ಬೇರೆ ಬಾವಿಗೆ ಹಾಕಬಾರದು ಎಂಬ ಎಚ್ಚರವನ್ನು ಹಿರಿಯರು ಪಾಲಿಸಿಕೊಂಡು ಬಂದಿದ್ದಾರೆ. ಪ್ರತಿ ಜೀವಕ್ಕೂ ಅದರದೇ ನೀರು ಎಂಬ ಈ ವಿವೇಕವನ್ನು ಮೀನಿಗೂ ಅನ್ವಯಿಸಬೇಕು. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲ್ಲೂಕು ಶಿಶಿಲದ ಕಪಿಲಾ ಹೊಳೆಯಲ್ಲಿ ಜನ ಮೀನುಗಳನ್ನು ಕಾಪಾಡಿಕೊಂಡು ಬಂದಿರುವುದು ಅವುಗಳ ಹುಟ್ಟು ನೀರಿನಲ್ಲಿಯೇ. ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದರು. ಊರವರು ಅವುಗಳಿಗೆ ಸ್ಮಾರಕ ಕಟ್ಟಿದರು, ರಕ್ಷಣೆಯನ್ನು ಮುಂದುವರಿಸಿದರು. ಮೀನಿಗೆ ಅಭಯದಾನ ಕೊಡಬೇಕೆನ್ನುವ ಕುಟುಂಬ ಅಂಗಡಿಯಿಂದ ಮೀನು ಕೊಳ್ಳುವ ಹಣವನ್ನು ಊರ ಕೆರೆಗೆ ಕೊಳಚೆ ಸೇರದಂತೆ ನೋಡಿಕೊಳ್ಳಲು ಬಳಸಿದರೆ ಹೆಚ್ಚು ಜೀವಗಳು ಉಳಿಯುತ್ತವೆ.

ಮನೆಯಲ್ಲಿ ಈಗಾಗಲೇ ಮೀನಿದ್ದರೆ

ಇರುವ ಮೀನನ್ನು ಅದರ ಆಯುಷ್ಯ ಮುಗಿಯುವವರೆಗೆ ಚೆನ್ನಾಗಿ ನೋಡಿಕೊಳ್ಳುವುದು ಕರ್ತವ್ಯ. ಬಟ್ಟಲಿನಲ್ಲಿದ್ದರೆ ದೊಡ್ಡ ತೊಟ್ಟಿಗೆ ಬದಲಿಸಿ ಫಿಲ್ಟರ್ ಹಾಕಬೇಕು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರವನ್ನೇ ಹಾಕಬೇಕು. ತೊಟ್ಟಿಗೆ ನೇರ ಬಿಸಿಲು ಬೀಳಬಾರದು, ರಾತ್ರಿ ದೀಪ ಆರಿಸಬೇಕು. ಗಂಡು ಹೆಣ್ಣು ಗಪ್ಪಿಗಳನ್ನು ಒಟ್ಟಿಗೆ ಇಟ್ಟರೆ ಮರಿಗಳು ವಿಪರೀತ ಹೆಚ್ಚಿ ತೊಟ್ಟಿ ಕಿಕ್ಕಿರಿಯುತ್ತದೆ, ಆದ್ದರಿಂದ ಬೇರೆ ಬೇರೆ ಇಡಬೇಕು.

ಮೀನನ್ನು ಚೀಲದಲ್ಲಿ ಸಾಗಿಸಿ ತಂದಾಗ ಚೀಲವನ್ನು ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಸಬೇಕು, ಬಿಸಿ ಸಮನಾಗುತ್ತದೆ. ಬಿಚ್ಚಿದ ಮೇಲೆ ತಡಮಾಡಬಾರದು. ಚೀಲದೊಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋದ ಕೂಡಲೇ ಅಲ್ಲಿ ಸೇರಿದ ಅಮೋನಿಯಾ ಹೆಚ್ಚು ವಿಷಕಾರಿಯಾಗುತ್ತದೆ. ಮೀನನ್ನು ಮೃದುವಾಗಿ ತೊಟ್ಟಿಗೆ ಸೇರಿಸಿ ಚೀಲದ ನೀರನ್ನು ಹೊರಗೆ ಚೆಲ್ಲಬೇಕು.

ಸಾಕಲು ಆಗದಿದ್ದರೆ ಕೊಂಡ ಅಂಗಡಿಗೆ, ದೊಡ್ಡ ತೊಟ್ಟಿಯಿರುವ ಅನುಭವಿಗಳಿಗೆ ಅಥವಾ ಶಾಲೆಗೆ ಕೊಡಬಹುದು. ಸಲಹೆ ಬೇಕಾದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯನ್ನು ಕೇಳಬಹುದು. ಅಂಗಡಿಯಲ್ಲಿ ಸತ್ತ, ನರಳುವ ಮೀನುಗಳನ್ನು ಬಿಟ್ಟಿರುವುದು ಕಂಡರೆ ದಿನಾಂಕ ಸಹಿತ ಫೋಟೋ ತೆಗೆದು ಜಿಲ್ಲೆಯ ಪಶುಪಾಲನಾ ಇಲಾಖೆಗೆ ಅಥವಾ ಪ್ರಾಣಿ ದಯಾ ಸಂಘಕ್ಕೆ ಬರವಣಿಗೆಯಲ್ಲಿ ದೂರು ಕೊಡಬೇಕು. ಮರುಕಪಟ್ಟು ಆ ಮೀನನ್ನು ಕೊಂಡರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ.

ಇನ್ನೂ ಕೊಂಡಿಲ್ಲದ ಕುಟುಂಬ ಮೂರು ಪ್ರಶ್ನೆ ಹಾಕಿಕೊಂಡರೆ ಸಾಕು. ಹತ್ತು ವರ್ಷ ವಾರವಾರ ನೀರು ಬದಲಿಸಲು ಮನೆಯಲ್ಲಿ ಯಾರಿದ್ದಾರೆ? ಅದರ ಆಹಾರ ನಮ್ಮ ವ್ರತಕ್ಕೆ ಒಗ್ಗುತ್ತದೆಯೇ? ಮಗುವಿಗೆ ನಾವು ಕಲಿಸುತ್ತಿರುವುದು ಜೀವವನ್ನು ಪ್ರೀತಿಸುವುದನ್ನೋ, ಜೀವವನ್ನು ಕೊಂಡು ಇಟ್ಟುಕೊಳ್ಳುವುದನ್ನೋ? ಉತ್ತರ ಸ್ಪಷ್ಟವಾಗದಿದ್ದರೆ ಆ ಗಾಜಿನ ತೊಟ್ಟಿಯಲ್ಲಿ ಜಲಸಸ್ಯಗಳನ್ನಷ್ಟೇ ಬೆಳೆಸಬಹುದು. ಮಕ್ಕಳಿಗೆ ಮೀನು ತೋರಿಸಬೇಕೆನಿಸಿದರೆ ರಜೆಯಲ್ಲಿ ಶೃಂಗೇರಿಗೋ ಶಿಶಿಲಕ್ಕೋ ಕರೆದೊಯ್ದು ಹರಿಯುವ ಹೊಳೆಯಲ್ಲಿ ಅವು ಈಜುವುದನ್ನು ತೋರಿಸಬಹುದು.